ಹೆಸರಿಗೊಂದೇ ಬುಡ್ಡಿ

ಆ ಮುಂಜಾನೆ ಕೆಂಧೂಳು ಸೂರ್ಯನನ್ನು ನುಂಗಿ ಕೂತಿತ್ತು. ಊರೆಲ್ಲ ಎಂದಿನಂತೆ ಆ ದಿನ ಉಸಿರಾಡಲು ಬೇಕಾದ ಗಾಳಿಬುಡ್ಡಿಗಾಗಿ ಹಂಚುವ ಕಟ್ಟೆಯ ಮುಂದೆ ಸಾಲುಗಟ್ಟಿತ್ತು. ಒಂದು ಬುಡ್ಡಿ ಒಂದು ಜೀವಕ್ಕೆ ಒಂದು ದಿನ ಮಾತ್ರ ಸಾಕಾಗುತ್ತಿತ್ತು. ಇಲ್ಲದವರು ಸಂಜೆ ಕಾಣುತ್ತಿರಲಿಲ್ಲ.

ನೀಲಗಂಗವ್ವ ಮೊಮ್ಮಗಳ ಕೈಹಿಡಿದು ನಿಂತಿದ್ದಳು. ಮೊಮ್ಮಗಳ ಹೆಸರೂ ನೀಲಗಂಗವ್ವನೇ. ಅಜ್ಜಿ ಸಾವಿನ ಹಾಸಿಗೆ ಹಿಡಿದಿದ್ದಾಗ ಹುಟ್ಟಿದ ಕೂಸು. ಹೋಗುವವಳ ಹೆಸರು ಉಳಿಯಲೆಂದು ಅದನ್ನೇ ಕೂಸಿನ ಕಿವಿಯಲ್ಲಿ ಕೂಗಿದ್ದರು. ಅಜ್ಜಿ ಮಾತ್ರ ಹೋಗಲಿಲ್ಲ.

ಬುಡ್ಡಿ ಲೆಕ್ಕದ ಯಂತ್ರದ ಮುಂದಿದ್ದ ಮಡಿವಾಳೆಪ್ಪ ತಲೆ ಎತ್ತಲಿಲ್ಲ. "ಯವ್ವಾ, ನಿಮ್ಮಿಬ್ಬರಿಗೂ ಸೇರಿ ಒಂದ ಬುಡ್ಡಿ ಬಂದದ. ಯಂತ್ರಕ್ಕ ಹೊಸ ಆವೃತ್ತಿ ಹಾಕ್ಯಾರ. ಪಟ್ಟಿಯೊಳಗ ಎರಡು ಸಲ ಬಂದ ಸಾಲು ಅಳಿಸು ಅಂತ ನಾ ದಿನಾ ಕಮಾಂಡ ಟೈಪ್ ಮಾಡತೀನಿ. ಮೊದಲು ಹೆಸರು, ವಯಸ್ಸು ಎಲ್ಲಾ ನೋಡತಿತ್ತು. ಈಗ ಹೆಸರಷ್ಟ ನೋಡತದ, ನಿಮ್ಮಿಬ್ಬರನ್ನೂ ಒಬ್ಬರ ಅಂತ ತಿಳಕೊಂಡು ಒಂದು ಸಾಲು ಅಳಿಸೇದ."

"ತಿದ್ದಾಕ ಬರೂದಿಲ್ಲೇನೋ?"

"ತಿದ್ದವರು ನಾಳೆ ಬರ್ತಾರ."

"ನಾಳೆತನಕ ಉಸುರು ಬಿಗಿಹಿಡಿ ಅಂತೀಯೇನೋ, ಶಾಣ್ಯಾ!" ಅಜ್ಜಿ ನಕ್ಕಳು. ಅವನು ಒಂದೇ ಬುಡ್ಡಿಯನ್ನು ಅವಳತ್ತ ಸರಿಸಿದ.

ಅವಳು ಬುಡ್ಡಿಯನ್ನು ಮೊಮ್ಮಗಳ ಎದೆಗೆ ಬಿಗಿದು ಕಟ್ಟಿದಳು.

"ನಿನಗ, ಆಯಿ?"

"ಈ ಹೆಸರು ತೊಟ್ಟಿಲದಾಗ ನಿನಗ ಕೊಟ್ಟದ್ದವ್ವಾ, ಅದರ ಬುಡ್ಡೀನೂ ನಿಂದ. ಶಿವ ಇಷ್ಟು ದಿನ ನನಗೂ ಇಟಗೊಳ್ಳಾಕ ಬಿಟ್ಟಿದ್ದ."

ಆಮೇಲೆ ನಿನ್ನೆಯ ಖಾಲಿ ಬುಡ್ಡಿ ಎರಡನ್ನೂ ಸೆರಗಿನಿಂದ ಒರೆಸಿ, ಮಡಿವಾಳೆಪ್ಪನಿಗೆ ಮರಳಿಸಿದಳು.