ಎರಡು ಎಡ ತೋಳು

ಮೇಜಿನ ಮೇಲೆ ಎರಡು ತೋಳುಗಳು ಬಿದ್ದಿದ್ದವು. ಎರಡೂ ಎಡಗೈಯವೇ.

ಕಟಿಂಗ್ ಮಾಸ್ಟರ್ ಒಂದನ್ನು ಎತ್ತಿ ತಿರುವಿದರು, ಇನ್ನೊಂದನ್ನು ಬೋರಲು ಹಾಕಿ ನೋಡಿದರು. ಎಡ ಬಲವಾಗಲಿಲ್ಲ. ಬಟ್ಟೆಯ ಮುಖಕ್ಕೆ ಮುಖ ಕೂಡಿಸಿಟ್ಟು ಕತ್ತರಿಸಿದರೆ ಒಂದು ಎಡ, ಒಂದು ಬಲ. ಕಸುಬಿನಲ್ಲಿ ಎಲ್ಲಕ್ಕಿಂತ ಮೊದಲು ಕಲಿಯುವ ಪಾಠ ಅದು. ಅವರೋ ಎರಡು ಪದರವನ್ನೂ ಮುಖ ಮೇಲಾಗಿಯೇ ಪೇರಿಸಿ, ಗೆರೆ ಎಳೆದು, ಕರಕರನೆ ಕತ್ತರಿ ಓಡಿಸಿಬಿಟ್ಟಿದ್ದರು. ಉಳಿದ ಚೂರಿನಲ್ಲಿ ಗೊಂಬೆಗೂ ಒಂದು ತೋಳು ಹುಟ್ಟುವಂತಿರಲಿಲ್ಲ.

ಅದು ಟೀಚರಮ್ಮನ ಕೋಟಿನ ಬಟ್ಟೆ. ಮಾಸ್ಟರ್ ರಜೆಯಲ್ಲಿದ್ದಾಗ ಆಕೆ ಬಂದು, "ನಮ್ಮ ಯಜಮಾನ್ರು ತೀರಿಹೋಗೋಕೆ ಮುಂಚೆ ತಂದುಕೊಟ್ಟಿದ್ದು. ಮಾಸ್ಟರ್ ಕೈಯಲ್ಲೇ ಆಗ್ಬೇಕು" ಎಂದು ಒಪ್ಪಿಸಿ ಹೋಗಿದ್ದರಂತೆ. ಬೆಳಿಗ್ಗೆ ಮಾಸ್ಟರ್ ಅಂಗಡಿಗೆ ಕಾಲಿಟ್ಟದ್ದೇ ತಡ, ಹೊಲಿಗೆಯ ಅಕ್ಕ ಆ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, "ತೋಳಿಂದ ಶುರು ಮಾಡಿ" ಎಂದಿದ್ದಳು. ಬೀದಿಗೆಲ್ಲ ಅವಳು ಅಕ್ಕ. ವಯಸ್ಸಿನಲ್ಲಿ ಮಾಸ್ಟರಿಗೆ ಮಗಳಾಗಬೇಕು.

ಎಲ್ಲಾ ಆ ರಜೆಯ ಕೆಲಸ, ಎಂದುಕೊಂಡರು ಮಾಸ್ಟರ್. ಹೆಂಡತಿ ಅವರ ಕೈಯಿಂದ ಕತ್ತರಿ ಕಿತ್ತಿಟ್ಟು ಸಮುದ್ರದ ದಡಕ್ಕೆ ಎಳೆದೊಯ್ದಿದ್ದಳು. ಮೊದಮೊದಲು ನಿದ್ದೆಯಲ್ಲೂ ಬೆರಳುಗಳು ಗಾಳಿಯನ್ನು ಕತ್ತರಿಸುತ್ತಿದ್ದವು. "ನನ್ನ ಹೊದಿಕೆನಾದ್ರೂ ಉಳಿಸ್ರೀ" ಎಂದು ಅವಳು ಗೋಗರೆದಿದ್ದಳು. ಆಮೇಲೆ ಬೆರಳುಗಳೂ ಮಲಗಿದವು. ಮಧ್ಯಾಹ್ನ ಉಂಡು ಒರಗಿದರೆ ಸಂಜೆಯ ಗಾಳಿಯೇ ಬಂದು ಎಬ್ಬಿಸಬೇಕಿತ್ತು. ಹೆಬ್ಬೆರಳಿನ ಜಡ್ಡು ಸುಲಿದುಹೋಗಿ, ಕೆಳಗಿಂದ ಮಗುವಿನ ಕೆನ್ನೆಯಂಥ ಚರ್ಮ ಬಂದಿತ್ತು. ಹೆಂಡತಿ ಅದನ್ನು ಸವರಿ, "ಮದುವೆಲಿ ಹಿಡಿದಿದ್ದು ಈ ಕೈನೇ. ಇಷ್ಟು ವರ್ಷ ಎಲ್ಲಿಟ್ಟಿದ್ರಿ?" ಎಂದು ನಕ್ಕಿದ್ದಳು.

ಆ ಮೆತ್ತನೆ ಕೈಯಿಂದಲೇ ಮಾಸ್ಟರ್ ಈಗ ತೋಳುಗಳನ್ನು ಸುರುಳಿ ಸುತ್ತಿ ಮೇಜಿನಡಿಗೆ ತಳ್ಳಿದರು. ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು.

"ಏನ್ ಮಾಸ್ಟರ್, ಬಚ್ಚಿಡ್ತಿದ್ದೀರಾ?"

"ಟೀಚರಮ್ಮಂಗೆ ನಾನೇ ಹೋಗಿ ಹೇಳ್ತೀನಿ ಅಕ್ಕಾ. ನನ್ನ ಕೈ ಹೋಯ್ತು. ಇನ್ನು ಕತ್ತರಿ ಮುಟ್ಟಲ್ಲ."

"ಹೇಳಿ, ಹೇಳಿ. ನಮ್ಮ ಪರದೆ ಹರಿದ್ರೆ ಅವರಿಗೇನಂತೆ?"

"ಯಾವ ಪರದೆ?"

ಅಕ್ಕ ಗದ್ದದಿಂದಲೇ ಟ್ರಯಲ್ ರೂಮಿನ ಕಡೆ ತೋರಿಸಿದಳು. ಬಾಗಿಲ ಮೇಲಿನ ಸರಳಿನಲ್ಲಿ ಪರದೆಯಿಲ್ಲದೆ ಬರೀ ಬಳೆಗಳು ನೇತಾಡುತ್ತಿದ್ದವು. ಮಾಸ್ಟರ್ ಬೆಳಿಗ್ಗೆಯೇ ಕಂಡಿದ್ದರು, ಒಗೆಯಲು ಹಾಕಿರಬೇಕು ಅಂದುಕೊಂಡಿದ್ದರು.

"ಅದನ್ನೇ ಇಸ್ತ್ರಿ ಹಾಕಿ ಕೊಟ್ಟೆ. ಮುಟ್ಟಿದ ಕೂಡ್ಲೇ 'ಏನೇ ಇದು ಗೋಣಿಚೀಲ' ಅಂತ ಬೈದಿದ್ರೆ ಆಗ್ಲೇ ನಿಜವಾದ ಬಟ್ಟೆ ತೆಗೀತಿದ್ದೆ. ನೀವು ಸವರಿ ಸವರಿ 'ಒಳ್ಳೇ ಉಣ್ಣೆ' ಅಂದ್ರಿ! ಸರಿ, ಮಾಸ್ಟರ್ ಇನ್ನೂ ಸಮುದ್ರದಲ್ಲೇ ಇದ್ದಾರೆ ಅಂದ್ಕೊಂಡೆ."

ಮಾಸ್ಟರ್ ಸ್ಟೂಲಿನ ಮೇಲೆ ಕುಸಿದು ಕೂತರು. ಹೋದ ಜೀವ ಬಂದಂತಾಗಿತ್ತು. "ಈ ಕಳ್ಳಾಟ ಎಲ್ಲಿ ಕಲಿತೆ?"

"ನಿಮ್ಮ ಹತ್ರಾನೇ. ಹೆರಿಗೆ ರಜೆ ಮುಗಿಸಿ ಬಂದಾಗ ವಾರವಿಡೀ ದಿಂಬಿನ ಚೀಲ ಹೊಲಿಸಿದ್ರಲ್ಲ, ಯಾವುದೋ ದೊಡ್ಡ ಆರ್ಡರ್ ಅಂತ. ಅಷ್ಟೊಂದು ತಲೆ ಯಾರ ಮನೇಲಿತ್ತು ಮಾಸ್ಟರ್? ಆ ಚೀಲ ಎಲ್ಲಾ ನಮ್ಮ ಅಟ್ಟದಲ್ಲೇ ಕೂತಿತ್ತು."

"ಗೊತ್ತಾಗಿತ್ತಾ ನಿಂಗೆ?"

"ಗೊತ್ತಾದ್ಮೇಲೂ ಹೊಲಿದೆ. ಕೈ ಕೂತ್ಕೊಳ್ತು." ಅಕ್ಕ ದಾರ ಕಡಿದು ಮತ್ತೆ ಮೆಷಿನ್ ತುಳಿದಳು.

ಮಾಸ್ಟರ್ ಮತ್ತೆ ಕತ್ತರಿ ಎತ್ತಿಕೊಂಡರು. ಜೇಬಿನ ಚೀಲ, ಒಳಬಟ್ಟೆ, ತೇಪೆ, ಅವಳು ಕೊಟ್ಟದ್ದನ್ನೆಲ್ಲ ಕತ್ತರಿಸಿದರು. ಹೆಬ್ಬೆರಳು ಕೆಂಪಾಯಿತು, ಉರಿಯಿತು. ಆ ಉರಿ ಹಿತವಾಗಿತ್ತು. ಯಾಕೋ ಹೆಂಡತಿಯ ನಗು ನೆನಪಾಯಿತು. ಎದುರಿಗೆ ಮೆಷಿನ್ ಮೇಲೆ ಬಾಗಿದ್ದ ತಲೆಯನ್ನು ಒಮ್ಮೆ ನೋಡಿ, ಮುಂದಿನ ತೇಪೆಗೆ ಕೈಹಾಕಿದರು.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ಇನ್ನೊಂದು ನೀಲಿ ಮಡಿಕೆ ತಂದಿಟ್ಟಳು. "ತಗೊಳ್ಳಿ. ಇದು ಟೀಚರಮ್ಮಂದು."

ಮಾಸ್ಟರ್ ಕತ್ತರಿ ಎತ್ತಿದವರು ಕೆಳಗಿಟ್ಟರು. ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಹೊಸಕಿದರು. ಜಡ್ಡು ಹೋದ ಹೊಸ ಚರ್ಮಕ್ಕೆ ಒಂದೊಂದು ಎಳೆಯೂ ಬೇರೆಬೇರೆಯಾಗಿ ತಾಕಿತು.

"ಕಳ್ಳೀ! ಇದು ನಿನ್ನ ಇಸ್ತ್ರಿ ಮೇಜಿನ ಹಾಸು!"

ಅಕ್ಕ ಕೊರಳ ದಾರದಿಂದ ಕೀಲಿ ತೆಗೆದು ಬೀರುವಿನ ಬಾಗಿಲು ತೆರೆದು, ಟೀಚರಮ್ಮನ ನಿಜವಾದ ಬಟ್ಟೆ ಹೊರತೆಗೆದಳು. ಆಗಷ್ಟೇ ಅವರನ್ನು ಹೊಸ್ತಿಲಲ್ಲಿ ಕಂಡವಳಂತೆ ತಿರುಗಿ, ಮುಖ ಅರಳಿಸಿ ಕೇಳಿದಳು:

"ಓ, ಬನ್ನಿ ಮಾಸ್ಟರ್! ರಜೆ ಚೆನ್ನಾಗಿತ್ತಾ?"