ಆರತಿಯ ನೆರಳು

ಛಾಯಾದೇವಿಯ ಹೆಸರು ಕಿವಿಗೆ ಬಿದ್ದೊಡನೆ ಸಾವಿತ್ರಿಬಾಯಿಯವರ ಬೆರಳುಗಳ ನಡುವೆ ಸರಿಯುತ್ತಿದ್ದ ಜಪಮಣಿ ಅಲ್ಲೇ ನಿಂತಿತು. ಬೇಗಂಪೇಟೆಯ ಆ ಸಭಾಂಗಣದ ವೇದಿಕೆಯ ಮೇಲೆ ಅವರ ಮಗಳು ಶೀತಲಳ ಭಾವಚಿತ್ರಕ್ಕೆ ಹಾರ ಹಾಕಿಟ್ಟಿದ್ದರು. ಜ್ವರವೆಂದು ಆಸ್ಪತ್ರೆ ಸೇರಿದವಳು ಮನೆಗೆ ಮರಳಿರಲಿಲ್ಲ; ವರ್ಷಾಂತಿಕ ಇನ್ನೂ ದೂರವಿತ್ತು. ಕನ್ನಡ ಸಂಘದವರು ಅವಳ ನೆನಪಿಗೆಂದು ಕರೆದಿದ್ದ ಸಭೆಯಲ್ಲಿ ಈಗ ಪ್ರವಚನಕಾರ ವಿನಾಯಕಾಚಾರ್ಯರು ಮಾತಾಡುತ್ತಿದ್ದರು.

ಅವರಿಗಿಂತ ಮುಂಚೆ, ಶೀತಲಳ ಜೊತೆ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಕೆಲಸ ಮಾಡಿದವನೊಬ್ಬ ಬಂದು ಅವಳು ಕಂಡುಹಿಡಿದದ್ದನ್ನು ಎಲ್ಲರಿಗೂ ತಿಳಿಯುವಂತೆ ಹೇಳಿ ಇಳಿದಿದ್ದ. ಕೆಂಪು ಹರಳೊಂದರೊಳಗೆ ಹಸಿರು ಬೆಳಕಿನ ಎಳೆಯೊಂದನ್ನು ಹಾಯಿಸಿ, ಅಡ್ಡದಿಂದ ನೀಲಿ ಬೆಳಕು ಬಿಟ್ಟರೆ ಆಚೆಯ ಗೋಡೆಯ ಮೇಲೊಂದು ಕಪ್ಪು ಗೆರೆ ಬೀಳುತ್ತದಂತೆ. ಅದು ಆ ಹಸಿರು ಬೆಳಕಿನ ನೆರಳು. ಸಭೆ ಚಪ್ಪಾಳೆ ತಟ್ಟಿತ್ತು. ಸಾವಿತ್ರಿಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

ಆಚಾರ್ಯರು ಅದನ್ನೇ ಎತ್ತಿಕೊಂಡು, ಇದರಲ್ಲಿ ಹೊಸದೇನೂ ಇಲ್ಲವೆಂದರು. ಸೂರ್ಯನ ಮಡದಿ ಯಾರು? ಛಾಯಾ. ಛಾಯೆಯೆಂದರೆ ನೆರಳು. ಬೆಳಕಿಗೆ ನೆರಳುಂಟೆಂದು ನಮ್ಮ ಋಷಿಗಳು ಎಂದೋ ಹೇಳಿಟ್ಟದ್ದನ್ನು ಈ ಕೂಸು ಯಂತ್ರದಲ್ಲಿಟ್ಟು ನೋಡಿತು, ಅಷ್ಟೆ. ಕೀರ್ತಿ ಸಲ್ಲಬೇಕಾದದ್ದು ಆ ಋಷಿಗಳಿಗೆ ಎಂದರು. ಈ ಸಲ ಚಪ್ಪಾಳೆ ಇನ್ನೂ ಜೋರಾಗಿ ಬಿತ್ತು.

ಮದುವೆ, ಮಕ್ಕಳು ಎಂದು ಏನನ್ನೂ ಬಿಟ್ಟುಹೋಗದ ಮಗಳದೆಂದು ಲೋಕದಲ್ಲಿ ಉಳಿದದ್ದು ಆ ಕಪ್ಪು ಗೆರೆಯೊಂದೇ. ಅದನ್ನೂ ಅವಳ ಭಾವಚಿತ್ರದ ಪಕ್ಕದಲ್ಲೇ ನಿಂತು ಕಸಿದುಕೊಂಡರಲ್ಲ! ಸಾವಿತ್ರಿಬಾಯಿಯವರು ಎದ್ದು ನಿಂತರು. ಮಗ ಚೇತನಕುಮಾರ ಮೆಲ್ಲಗೆ ಸೆರಗು ಜಗ್ಗಿದ.

"ಕೂಡವ್ವಾ, ಮಂದಿ ನೋಡಾಕತ್ತಾರ."

"ನೋಡಲಿ. ಆಚಾರ್ರ, ಛಾಯಾ ಸೂರ್ಯನ ನೆರಳಲ್ರಿ, ಸಂಜ್ಞಾದೇವಿ ನೆರಳು. ಗಂಡನ ಝಳ ತಾಳಲಾರದ ಆಕಿ ತನ್ನ ನೆರಳನ್ನ ಮನ್ಯಾಗ ಬಿಟ್ಟು ತವರಿಗೆ ಹೋದ್ಲು. ಪುರಾಣ ನಾನೂ ಓದೀನ್ರಿ."

ಆಚಾರ್ಯರು ನಕ್ಕರು. ತಾಯಂದಿರು ಬರೀ ಕಥೆಗೆ ಜೋತುಬೀಳಬಾರದು, ಒಳಗಿನ ತತ್ವ ನೋಡಬೇಕು ಎಂದು ಸಮಾಧಾನದ ದನಿಯಲ್ಲಿ ಹೇಳಿದರು. ಸಂಘದ ಕಾರ್ಯದರ್ಶಿ ಶಾಂತಕುಮಾರ ಶಾಲು ಹಿಡಿದುಕೊಂಡೇ ಓಡಿಬಂದ. "ಬಾಯಾರ, ಹೊದಿಸ್ತೀನಿ ಬರ್ರಿ. ಅವ್ರು ಹೊಗಳಾಕತ್ತಾರ್ರಿ, ಬೈಯಾಕತ್ತಿಲ್ಲ."

ಶಾಲನ್ನು ಅವರು ಕೈಯಿಂದ ಪಕ್ಕಕ್ಕೆ ಸರಿಸಿದರು.

"ಆರತಿ ಎತ್ತಿದಾಗ ಅದರ ಉರಿಯ ನೆರಳು ದೇವರ ಮಾರಿ ಮ್ಯಾಲ ಯಾಕ ಬೀಳೂದಿಲ್ಲ ಅಂತ ಸಣ್ಣಾಕಿದ್ದಾಗ ಕೇಳಿದ್ಲು ನನ್ನ ಮಗಳು. ನನಗ ತಿಳೀಲಿಲ್ಲ. ಇದ ಸಂಘದ ಸಪ್ತಾಹದಾಗ ಕರಕೊಂಡು ಬಂದು ನಿಮ್ಮ ಮುಂದ ನಿಂದರಿಸಿದ್ದೆ. ಜ್ಯೋತಿಗೆ ನೆರಳಿಲ್ಲ, ದೇವರಿಗೆ ಕಳಂಕ ಇಲ್ಲ ನೋಡು ಹಂಗ, ಅಂದ್ರಿ. ನೆಪ್ಪೈತೇನ್ರಿ?"

ಆಚಾರ್ಯರು ಮೈಕನ್ನು ಬಾಯಿಂದ ತುಸು ದೂರ ಹಿಡಿದರು.

"ಋಷಿಗಳು ಹೇಳಿಟ್ಟಿದ್ರ ಅವತ್ತ ಹೇಳಬೇಕಿತ್ತಲ್ರಿ. ಆಕಿ ಆ ಕತ್ತಲಿ ಕೋಣ್ಯಾಗ ವರ್ಷಗಟ್ಟಲೆ ಕೂಡೂದು ತಪ್ಪತಿತ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಾಂತಕುಮಾರ ಶಾಲನ್ನು ಮಡಿಚಿಕೊಂಡು, ಹಿಂದಿನ ಕೋಣೆಯಲ್ಲಿ ಉಪ್ಪಿಟ್ಟು, ಚಹಾ ಇದೆಯೆಂದು ಹೇಳಿದ.

ಕುಷಾಯಿಗೂಡದ ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ದೇವರ ಮಾತು ಹೇಳುವವರನ್ನು ತುಂಬಿದ ಸಭೆಯಲ್ಲಿ ಹಾಗೆ ಕೇಳಬಾರದಿತ್ತೆಂದು ಚೇತನಕುಮಾರ ಆಟೋದಲ್ಲಿ ದಾರಿಯುದ್ದಕ್ಕೂ ಗೊಣಗುತ್ತ ಬಂದಿದ್ದ. ಸಾವಿತ್ರಿಬಾಯಿಯವರು ಕೈಕಾಲು ತೊಳೆದು, ನಂದಾದೀಪದ ಬತ್ತಿ ಸರಿಮಾಡಿ, ವಿಠ್ಠಲನಿಗೆ ಆರತಿ ಎತ್ತಿದರು. ಎತ್ತಿ ಮುಗಿದ ಮೇಲೂ ತಟ್ಟೆ ಇಳಿಸಲಿಲ್ಲ. ಅದರ ಉರಿಯನ್ನು ನಂದಾದೀಪಕ್ಕೂ ಮೂರ್ತಿಗೂ ನಡುವೆ ಹಿಡಿದು, ದೇವರ ಮುಖವನ್ನೇ ನೋಡುತ್ತ ಬಹಳ ಹೊತ್ತು ನಿಂತರು. ತಟ್ಟೆ ಬಿಸಿಯಾಗಿ ಬೆರಳು ಸುಡತೊಡಗಿತು.

ಹಿಂದೆ ಬಂದು ನಿಂತ ಮಗ ಈಗ ಗೊಣಗಲಿಲ್ಲ. "ಏನರೆ ಕಾಣತೈತೇನವ್ವಾ?" ಎಂದ.

"ನನಗೇನು ಕಾಣತೈತಿ," ಎಂದರು ಸಾವಿತ್ರಿಬಾಯಿಯವರು. "ಆಕಿಗೆ ಕಂಡಿತ್ತು."