ಕಾಡಪ್ಪ ತೋರಿಸಿದ ಜಾಗ

ಕಲ್ಲವ್ವ ತೆಂಗಿನಕಾಯಿಗೆ ಕುಂಕುಮ ಹಚ್ಚಿ ಇನ್ನೇನು ಒಡೆಯಬೇಕು, ಅಷ್ಟರಲ್ಲಿ ಹೊಲದ ಅಂಚಿಗೆ ಬಿಳಿ ಕಾರೊಂದು ಬಂದು ನಿಂತಿತು. ಅದರಿಂದ ಇಳಿದ ಹುಡುಗಿ ಓಡುತ್ತಲೇ ಬಂದಳು. "ಆಂಟೀ, ಒಂದ್ನಿಮಿಷ! ಇದು ನಮ್ಮ ಸೈಟು." ಅವಳ ಕೈಯಲ್ಲೂ ಒಂದು ತೆಂಗಿನಕಾಯಿ ಇತ್ತು.

"ನಿಮ್ಮದು ಹ್ಯಾಂಗ ಆಗ್ತದರೀ ಬಾಯಾರ? ಈ ಬೇವಿನ ಗಿಡದಿಂದ ಆ ಬಾಂದಗಲ್ಲಿನ ತನಕಾ ನಂದದ. ನಮ್ಮ ಏಜೆಂಟ ಕಾಡಪ್ಪಣ್ಣ ಸ್ವತಃ ನಿಂತು ತೋರಿಸ್ಯಾರ."

"ನಮ್ಗೂ ಅವ್ರೇ ತೋರ್ಸಿದ್ದು! ಇದೇ ಮರ, ಇದೇ ಕಲ್ಲು. ಫೋಟೋ ಕೂಡ ತೆಗ್ದಿದೀನಿ." ಹುಡುಗಿ ಮೊಬೈಲು ಮುಂದೆ ಹಿಡಿದಳು. ಫೋಟೋದಲ್ಲಿ ಅವಳೂ ಅವಳ ಗಂಡನೂ ಕಲ್ಲವ್ವ ಈಗ ನಿಂತ ಜಾಗದಲ್ಲೇ ನಿಂತು ನಗುತ್ತಿದ್ದರು. ಪಕ್ಕದಲ್ಲಿ ಕಾಡಪ್ಪ, ತಲೆ ಮೇಲೆ ಯಾವಾಗಲೂ ಇರುವ ಅದೇ ಬಿಳಿ ಟೋಪಿ.

ಕಲ್ಲವ್ವನದು ಪುಣೆಯ ಶಿವಾಜಿನಗರದ ಓಣಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕಿದವಳು. ಹಳೇ ಕಟ್ಟಡ ಕೆಡವುತ್ತೇವೆ, ಮೂವತ್ತನೇ ತಾರೀಖಿಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಯಾಗಿತ್ತು. ಲಕ್ವಾ ಹೊಡೆದು ಮಲಗಿದ ಗಂಡ, ಇಡೀ ದಿನ ಉರಿಯುವ ಒಲೆ. ಇಂಥವರಿಗೆ ಪುಣೆಯಲ್ಲಿ ಯಾರು ಮನೆ ಕೊಡುತ್ತಾರೆ? ಎರಡು ತಿಂಗಳು ತಿರುಗಿ ಚಪ್ಪಲಿ ಸವೆದಿತ್ತು. ಕೊನೆಗೆ ಇದ್ದಬದ್ದ ಬಂಗಾರ ಮಾರಿ, ಸಾಸವಡದ ಹೊರಗೆ ಈ ಒಂದು ಗುಂಠೆ ನೆಲ ಕೊಂಡಿದ್ದಳು. ಇವತ್ತು ಅಕ್ಷಯ ತೃತೀಯ, ಪೂಜೆ. ನಾಳೆ ನಾಲ್ಕು ತಗಡು ನಿಲ್ಲಿಸುವುದು. ಖಾಲಿ ಮಾಡಲು ಇನ್ನು ಹನ್ನೊಂದೇ ದಿನ ಇತ್ತು.

ಹುಡುಗಿಯ ಹೆಸರು ಅಪೂರ್ವ. ವಿಮಾನ ನಗರದಲ್ಲಿ ಆಫೀಸು, ಊರು ಬೆಂಗಳೂರು. ಕಲ್ಲವ್ವ ಹೇಳಿದ್ದನ್ನೆಲ್ಲ ಕೇಳಿ ಕಾಡಪ್ಪನಿಗೆ ನಾಲ್ಕು ಸಲ ಫೋನು ಹಚ್ಚಿದಳು, ನಾಲ್ಕೂ ಸಲ ಸ್ವಿಚ್ ಆಫ್. "ಆಂಟಿ, ನೀವು ಇಷ್ಟು ವರ್ಷದಿಂದ ಇಲ್ಲಿದೀರ. ತಗೊಳೋಕೆ ಮುಂಚೆ ಪೇಪರ್ಸು ಯಾರ್ ಹತ್ರ ಆದ್ರೂ ಓದಿಸ್ಲಿಲ್ವಾ?"

"ಓದಿಸಿದೆನಲ್ಲವಾ! ಮರಾಠಿ ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ. ಅದಕ್ಕ ಕಾಡಪ್ಪಣ್ಣನಽ ಕುಂತು, ಒಂದೊಂದ ಸಾಲು ನಮ್ಮ ಭಾಷಾದಾಗ ಓದಿ ಹೇಳಿದರು. ಭಾಳ ಛಲೋ ತಿಳಿಸಿ ಹೇಳಿದರು."

ಅಪೂರ್ವ ತುಟಿ ಕಚ್ಚಿಕೊಂಡಳು. "ನಮ್ಗೂ ಅವ್ರೇ ಓದಿ ಹೇಳಿದ್ದು," ಎಂದಳು.

ಏನು ಹೇಳೋಣ ಇವರಿಗೆ! ಒಬ್ಬಳು ರೊಟ್ಟಿ ಬಡಿಯುವವಳು, ಇನ್ನೊಬ್ಬಳು ಎಂಜಿನಿಯರು. ಇಬ್ಬರೂ ಕಳ್ಳನ ಕೈಗೇ ಕೀಲಿ ಕೊಟ್ಟರು. ಪರ ಊರಿನಲ್ಲಿ ಕನ್ನಡ ಮಾತೊಂದು ಕಿವಿಗೆ ಬಿದ್ದರೆ ಸಾಕು, ನಮ್ಮ ಜನ ಕರಗಿ ನೀರಾಗಿಬಿಡುತ್ತಾರೆ. ಇವಳಿಗೆ "ಯವ್ವಾ" ಎಂದ, ಅವಳಿಗೆ "ಮೇಡಂ" ಎಂದ, ಇಬ್ಬರಿಂದಲೂ ರುಜು ಹಾಕಿಸಿಕೊಂಡು ಹೋದ.

ಅಷ್ಟರಲ್ಲಿ ಬಾವಿಯ ಕಡೆಯಿಂದ ಗುದ್ದಲಿ ಹೊತ್ತ ರೈತನೊಬ್ಬ ಬಂದ. ಹೆಸರು ಬಾಳು. ಏನು ನಡೆದಿದೆ ಎಂದು ಅವನು ಕೇಳಲೂ ಇಲ್ಲ. ಕಲ್ಲವ್ವ ಪೂಜೆಗೆಂದು ತಂದಿದ್ದ ಖರೀದಿ ಕಾಗದ ತೆಗೆದುಕೊಂಡು ಮರಾಠಿಯಲ್ಲಿ ಓದಿದ, ತಲೆ ಅಲ್ಲಾಡಿಸಿ ಮರಾಠಿಯಲ್ಲೇ ಹೇಳಿದ:

"ಮಾವಶಿ, ಇದು ನನ್ನ ಹೊಲ. ಅಜ್ಜನ ಕಾಲದ್ದು. ನಿಮ್ಮ ಕಾಗದದಲ್ಲಿರುವ ನಂಬರಿನ ಜಮೀನು ಅಲ್ಲಿದೆ ನೋಡಿ." ಅವನು ತೋರಿಸಿದ ಕಡೆ ಬೋಳು ಗುಡ್ಡದ ಪಕ್ಕೆಯಲ್ಲಿ, ಕಲ್ಲು ತೆಗೆದು ಬಿಟ್ಟ ದೊಡ್ಡ ಗುಂಡಿ ಕಾಣುತ್ತಿತ್ತು. "ಆ ಗುಂಡಿಯಲ್ಲೂ ನಲವತ್ತು ಜನರ ಹೆಸರಿದೆ. ಯಾರ ತುಂಡು ಎಲ್ಲಿ ಅಂತ ಬರೆದಿಲ್ಲ. ನಾನು ಸಂತೆಗೆ ಹೋದ ದಿನ ನೋಡಿಕೊಂಡು ಆ ಬಿಳಿ ಟೋಪಿಯವನು ನಿಮ್ಮಂಥವರನ್ನು ಇಲ್ಲಿಗೆ ಕರೆತರುತ್ತಾನೆ. ಕೊಳ್ಳುವ ಮೊದಲು ಅಕ್ಕಪಕ್ಕದ ಹೊಲದವರನ್ನು ಒಂದು ಮಾತು ಕೇಳಬಾರದೇ ಮಾವಶಿ? ಉಳಿದ ದಿನವೆಲ್ಲ ನಾನು ಇಲ್ಲೇ ಇರುತ್ತೇನೆ."

ಕಲ್ಲವ್ವ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು. "ನನ್ನ ಹಾಳ ಮಾಡಿದ್ಯಲ್ಲೋ ಕಾಡಪ್ಪಾ, ನಿನ್ನ ಬಾಯಾಗ ಮಣ್ಣು ಬೀಳಲಿ!" ಎಂದು ಎರಡೂ ಕೈಯಿಂದ ನೆಲ ಬಡಿದು ಅತ್ತಳು. ಬೈದದ್ದೂ ಕನ್ನಡದಲ್ಲೇ. ಅಪೂರ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. "ನಾವು ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ ಆಂಟಿ, ಲಾಯರ್ ಹತ್ರಾನೂ ಹೋಗ್ತೀವಿ. ನೀವೂ ಬನ್ನಿ."

"ಎಷ್ಟ ದಿನಾ ಹಿಡೀತದವಾ?"

"ವರ್ಷಗಟ್ಲೆ ಆಗುತ್ತೆ ಅನ್ಸುತ್ತೆ. ನಮ್ದು ಹೇಗೋ ಇನ್ವೆಸ್ಟ್‌ಮೆಂಟು..." ಅಪೂರ್ವ ಅಷ್ಟಕ್ಕೇ ನಿಲ್ಲಿಸಿದಳು. ತನ್ನ ನಂಬರು ಬರೆದುಕೊಟ್ಟಳು, ಊರಿನ ತನಕ ಬಿಡುತ್ತೇನೆಂದು ಎರಡು ಸಲ ಕರೆದಳು. ಕಲ್ಲವ್ವ ಏಳಲಿಲ್ಲ. ಕಾರು ಹೋಯಿತು.

ಬಾಳು ಬಾವಿಯಿಂದ ಒಂದು ತಂಬಿಗೆ ನೀರು ತಂದುಕೊಟ್ಟ. ಅವಳು ಕುಡಿದಳು, ಮುಖ ತೊಳೆದಳು, ಸೆರಗಿನಿಂದ ಒರೆಸಿಕೊಂಡಳು. ಬೇವಿನ ಗಿಡದಿಂದ ಬಾಂದಗಲ್ಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಎದ್ದು ನಿಂತು ಕೈಮುಗಿದು, ಮನೆ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮರಾಠಿಯಲ್ಲಿ ಶುರುಮಾಡಿದಳು:

"ಇಷ್ಟು ಜಾಗ ಬಾಡಿಗೆಗೆ ಕೊಡ್ತೀರಾ ದಾದಾ? ನಾವು ಇಬ್ಬರೇ. ಗದ್ದಲ ಇಲ್ಲ, ಮಾಂಸ ತಿನ್ನಲ್ಲ. ಯಜಮಾನರಂತೂ ಎದ್ದು ಓಡಾಡೋದೇ ಇಲ್ಲ. ಹೇಳಿದ ದಿನ ಖಾಲಿ ಮಾಡ್ತೀವಿ."